ಹುಬ್ಬಳ್ಳಿಯಲ್ಲಿ ಶಟ್ಟೆಪ್ಪ ಮಾಡಿದ ಸೌದಾ

ಬೈಲಹೊಂಗಲದ ದನದ ಪೇಟೆಯಲ್ಲಿ ದಲ್ಲಾಳಿ ಶಟ್ಟೆಪ್ಪನಿಗೆ ಇದ್ದ ಆಸ್ತಿ ಎರಡೇ. ಒಂದು ಹೆಗಲ ಮೇಲೆ ಹೊದೆಯುವ ವಸ್ತ್ರ, ಅಂದರೆ ವಲ್ಲಿ; ಇನ್ನೊಂದು ಬಲಗೈ. ಎತ್ತು ಮಾರುವವನ ಕೈ ಹಿಡಿದು ಅದರ ಮೇಲೆ ವಲ್ಲಿ ಮುಚ್ಚಿದನೆಂದರೆ ಒಳಗೆ ಬೆರಳುಗಳು ಮಾತಾಡುತ್ತವೆ, ಹೊರಗೆ ಬಾಯಿ ಮಳೆ ಬೆಳೆಯ ಸುದ್ದಿ ಹೇಳುತ್ತಿರುತ್ತದೆ. ಒಂದು ಬೆರಳು ಒತ್ತಿದರೆ ಒಂದು, ಎರಡು ಒತ್ತಿದರೆ ಎರಡು, ಮುಷ್ಟಿ ಕಟ್ಟಿದರೆ ಸೊನ್ನೆ. ಸುತ್ತ ನಿಂತ ನೂರು ಮಂದಿಗೆ ಕಾಣುವುದು ವಲ್ಲಿಯ ಅಲುಗಾಟ ಮಾತ್ರ. ಒಳಗಿನ ಮಾತನ್ನು ಮೂರನೆಯವನಿಗೆ ಹೇಳಿದ ದಲ್ಲಾಳಿಯ ಕೈಯನ್ನು ಮರುಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ. ಇದು ಪೇಟೆಯ ಕಾನೂನು. ಸರಕಾರದ ಕಾನೂನಿಗಿಂತ ಗಟ್ಟಿ, ಯಾಕೆಂದರೆ ಇದನ್ನು ಯಾರೂ ಬರೆದಿಟ್ಟಿಲ್ಲ.

ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಸ್ವಲ್ಪ ಸೊಕ್ಕು ಬರುವುದು ಸಹಜ. ಶಟ್ಟೆಪ್ಪನಿಗೆ ಸ್ವಲ್ಪ ಬಂದಿರಲಿಲ್ಲ, ಪೂರ್ತಿ ಬಂದಿತ್ತು.

"ಬಾಯಿ ಸುಳ್ಳ ಹೇಳತೈತಿ, ಕಣ್ಣ ಸುಳ್ಳ ಹೇಳತಾವು. ವಲ್ಲಿ ಕೆಳಗಿನ ಕೈ ಸುಳ್ಳ ಹೇಳಂಗಿಲ್ಲ. ಯಾವನದರ ಕೈ ತಂದ ಕೊಡ್ರಿ, ಅವನ ಜಾತಕಾ ಓದತೇನಿ" ಎಂದು ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದ. ಕೇಳುವವರು ಚಹಾ ಮುಗಿಯುವ ತನಕ ಕೇಳುತ್ತಿದ್ದರು.

ಶಟ್ಟೆಪ್ಪನ ಮಗಳು ರಾಮವ್ವನಿಗೆ ಸುರೇಬಾನದ ಗಂಗಪ್ಪ ಎಂಬ ವರ ಗೊತ್ತಾಗಿತ್ತು. ಹುಡುಗ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವನು ಹೆಣ್ಣು ನೋಡಲು ಬಂದ ದಿನ ಶಟ್ಟೆಪ್ಪ ಯರಗಟ್ಟಿಯಲ್ಲಿ ಯಾರದೋ ಹೋರಿಯ ಹಲ್ಲು ಎಣಿಸುತ್ತಿದ್ದ, ಆದ್ದರಿಂದ ಹುಡುಗನ ಮುಖ ನೋಡಿರಲಿಲ್ಲ. ಆದರೆ ತಾಯಿ ತಾಯವ್ವ ಒಪ್ಪಿದ್ದಳು, ಮಗಳು ಒಪ್ಪಿದ್ದಳು, ಗಂಡಿನ ಅಜ್ಜಿ ಕರೆವ್ವ ಮಾತ್ರ ಒಂದು ಪ್ರಶ್ನೆ ಕೇಳಿ ಒಪ್ಪಿದ್ದಳು: "ನಿಮ್ಮ ಮನ್ಯಾಗ ಕುಡಿಯೋರ ಯಾರರ ಅದಾರೇನು? ಇದ್ರ ಈಗ ಹೇಳ್ರಿ. ಕುಡಿಯೋ ಮನೀ ನಂಟು ನನಗ ಒಂದ ಜನ್ಮಕ್ಕ ಸಾಕಾಗೇತಿ." ತಾಯವ್ವ ಎದೆ ತಟ್ಟಿಕೊಂಡು, ನಮ್ಮ ಮನೆಯಲ್ಲಿ ಒಂದು ಹನಿಯೂ ಬಿದ್ದಿಲ್ಲ ಎಂದಿದ್ದಳು. ಅದು ಸತ್ಯವೂ ಆಗಿತ್ತು. ಸೋಮವಾರ ಸಕ್ಕರೆ ಹಂಚಿ ನಿಶ್ಚಯ ಮಾಡುವುದೆಂದು ಮಾತಾಯಿತು.

ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ದೇವಕ್ಕ ಮೊಸರು ಕೇಳುವ ನೆವ ಮಾಡಿಕೊಂಡು ಬಂದಳು. ಕೈಯಲ್ಲಿ ಬಟ್ಟಲಿರಲಿಲ್ಲ.

"ತಾಯವ್ವಾ, ಹೇಳಬಾರ್ದು, ಆದ್ರೂ ಹೇಳತೇನಿ. ನಿಮ್ಮ ಅಳಿಯಾ ಆಗಾಂವ ಪ್ರತಿ ಶನಿವಾರ ಬಾರಿಗೆ ಹೋಗ್ತಾನಂತ."

"ಯವ್ವಾ!"

"ಹೋಗಿ ಆಟಾ ಆಡ್ತಾನಂತ."

"ಆಟಾ? ಕುಡಿಯೋ ಜಾಗಾದಾಗ ಏನ್ ಆಟಾ?"

"ಅದನ್ನ ನಾನೂ ಕೇಳ್ದೆ. ಹೇಳಿದಾಂವಗ ಗೊತ್ತಿಲ್ಲ. ಎರಡ ದಿನಾ ಆತು, ನನಗ ನಿದ್ದಿ ಹತ್ತವಲ್ದು."

ಅಂದಿನಿಂದ ಓಣಿಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂಬ ಚಿಂತೆ ಮನೆಯವರಿಗೆ ಇತ್ತು. ಓಣಿಯವರನ್ನು ಕೊರೆದದ್ದು ಬೇರೆ: ಬಾರಿನಲ್ಲಿ ಆಡುವ ಆಟ ಯಾವುದು? ಒಬ್ಬ ಇಸ್ಪೀಟು ಎಂದ. ಇನ್ನೊಬ್ಬ ಕೋಳಿ ಕಾಳಗ ಎಂದ. ಇಬ್ಬರೂ ಹುಬ್ಬಳ್ಳಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರು.

"ಗದ್ಲಾ ಯಾಕ?" ಎಂದು ಶಟ್ಟೆಪ್ಪ ವಲ್ಲಿ ಕೊಡವಿದ. "ನಾ ಹೋಗಿ ಹುಡುಗನ ಕೈ ಹಿಡದ ಬರತೇನಿ. ಹತ್ತ ಎಣಸೂದ್ರಾಗ ಅವನ ಹಕೀಕತ್ ಎಲ್ಲಾ ಹೊರಗ ಬರತೈತಿ."

ರಾಮವ್ವ ಅಪ್ಪನನ್ನು ಹಿತ್ತಿಲಿಗೆ ಕರೆದಳು. ಅವಳ ಕಣ್ಣು ತುಂಬಿದ್ದವು. "ಅಪ್ಪಾ, ಅವರು ನನಗ ಪಸಂದ ಬಂದಾರ. ಕುಡೀತಾರಂದ್ರ ನಾ ಒಲ್ಲೆ, ಅದು ಬ್ಯಾರೆ ಮಾತು. ಆದ್ರ ಏನರ ಒಂದ ಮಾಡಿ ಕೆಡಿಸಿಕೊಂಡ ಬರಬ್ಯಾಡ, ನಿನ್ನ ಕಾಲ ಬೀಳತೇನಿ."

"ಹುಚ್ಚವ್ವ, ನಾ ಏನ್ ಕೆಡಸತೇನಿ?" ಎಂದ ಶಟ್ಟೆಪ್ಪ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟ. ಜೊತೆಗೆ ತಾಯವ್ವನ ತಮ್ಮ, ದೊಡವಾಡದ ಉಳವಪ್ಪ. ಕಾವಲಿಗಿರಲಿ ಎಂದು ತಾಯವ್ವ ಅವನನ್ನು ಕಳಿಸಿದ್ದಳು. ಯಾರು ಯಾರನ್ನು ಕಾಯಬೇಕೆಂದು ಹೇಳಿರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ಅದು. ಹೆಸರು ಹೊಸದು, ಬಸ್ಸು ಹಳೆಯದು. ಧಾರವಾಡ ದಾಟುವ ಹೊತ್ತಿಗೆ ಇಬ್ಬರ ಬೆನ್ನೂ ಬಸ್ಸಿನ ಲೆಕ್ಕಕ್ಕೆ ಸೇರಿಹೋಗಿದ್ದವು.

ಬಾರು ಎಂದರೆ ಕತ್ತಲೆ ಕೋಣೆ, ಬಿದ್ದು ಹೊರಳುವ ಜನ, ಒಂದೆರಡು ಕೊಲೆ ಎಂದು ಶಟ್ಟೆಪ್ಪ ಗಟ್ಟಿ ಮಾಡಿಕೊಂಡು ಹೋಗಿದ್ದ. ಸ್ಟೇಷನ್ನಿನ ಹಿಂದಿನ ಗಲ್ಲಿಯ ಆ ಬಾರಿನೊಳಗೆ ಕಾಲಿಟ್ಟರೆ ಎರಡು ಟ್ಯೂಬ್‌ಲೈಟು, ಗೋಡೆಗೆ ಕ್ಯಾಲೆಂಡರು, ಐದಾರು ಮೇಜು. ಊರು ಬಿಟ್ಟು ವಿಲಾಯತಿಗೆ ಹೋದ ರೈಲ್ವೆ ಗಾರ್ಡ್ ಸಾಹೇಬನೊಬ್ಬ ತನ್ನ ಆಟದ ಸಾಮಾನನ್ನೆಲ್ಲ ಬಾರಿನ ಮಾಲಕನಿಗೆ ಕೊಟ್ಟು ಹೋಗಿದ್ದನಂತೆ. ಒಂದು ಕಡೆ ಕೇರಂ. ಒಂದು ಕಡೆ ಗೋಡೆಗೆ ತಗುಲಿಸಿದ ದುಂಡನೆಯ ಹಲಗೆ, ಅದಕ್ಕೆ ಗುರಿಯಿಟ್ಟು ಗೇಣುದ್ದದ ಬಾಣ ಎಸೆಯುವ ನಾಲ್ಕು ಮಂದಿ.

"ಉಳವಪ್ಪಾ, ಇದೇನೋ ಮಾರಾಯಾ! ಮೀಸಿ ಬಂದ ಗಂಡಸರು ಸಾಲಿ ಬಿಟ್ಟ ಹುಡುಗೂರಗತೆ ಆಡಾಕ ಹತ್ಯಾರ!"

ಉಳವಪ್ಪನ ಕಣ್ಣು ಆಗಲೇ ಹಲಗೆಯ ಮೇಲೆ ನೆಟ್ಟಿತ್ತು. ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ ಕವಣೆಯಿಂದ ಗುಬ್ಬಿ ಹೊಡೆದ ಕೈ ಅದು. ಬಾಣ ಕಂಡ ಕೂಡಲೇ ಹೋಗಿ ಸಾಲಿನಲ್ಲಿ ನಿಂತ. ಪ್ರತಿ ಸಲ ಎಸೆಯುವಾಗಲೂ ಹಕ್ಕಿ ಓಡಿಸುವಂತೆ "ಹೋಯ್ ಹೋಽಽ!" ಎಂದು ಕೂಗುತ್ತಿದ್ದ. ಮೂರನೆಯ ಕೂಗಿಗೆ ಹುಬ್ಬಳ್ಳಿಯವರೂ ಹಾಗೆಯೇ ಕೂಗತೊಡಗಿದರು. ಆಮೇಲೆ ಬಸ್ಸಿನ ಹೊತ್ತಿನ ತನಕ ಅವನು ಈ ಕಡೆ ತಿರುಗಿ ನೋಡಲಿಲ್ಲ.

ಹಣದ ಗಲ್ಲೆಯ ಮೇಲೆ ಕೂತಿದ್ದ ಮಾಲಕನನ್ನು ಶಟ್ಟೆಪ್ಪ ಕೇಳಿದ. "ಸುರೇಬಾನದ ಗಂಗಪ್ಪ ಅಂತ ಒಬ್ಬಾಂವ ಬರ್ತಾನಂತಲ್ರಿ ಇಲ್ಲೆ?"

"ಬರ್ತಾನ್ರಿ, ಪಾಳಿ ಮುಗದ ಕೂಡ್ಲೆ ಬರ್ತಾನ. ಕುಂತ್ರಿ."

ಕೂರಲು ಜಾಗವಿದ್ದದ್ದು ಮೂಲೆಯ ಮೇಜಿನ ಎದುರಿಗೆ ಮಾತ್ರ. ಮೇಜಿನ ಆಚೆ ಬದಿಯಲ್ಲಿ ಒಬ್ಬ ಭಾರೀ ದೇಹದ ಆಸಾಮಿ. ಅವನು ಮೊಣಕೈಯನ್ನು ಮೇಜಿನ ಮೇಲೆ ಊರಿ, ಅಂಗೈ ಬಿಚ್ಚಿ, "ಬರ್ರಿ, ಯಾರ ಬರ್ತೀರಿ ಬರ್ರಿ!" ಎಂದು ಕರೆಯುತ್ತಿದ್ದ. ಕೈಗೆ ಕೈ ಕೊಟ್ಟು ಬೀಳಿಸುವ ಪಂಜಾ ಆಟ ಅದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಶಟ್ಟೆಪ್ಪನಿಗೆ ಗೊತ್ತಿದ್ದದ್ದು ಒಂದೇ: ಒಬ್ಬ ಮನುಷ್ಯ ಕೈ ಚಾಚಿ ಬರ್ರಿ ಎಂದರೆ ಸೌದಾ ಇದೆ ಎಂದು ಅರ್ಥ. ಎದುರು ಕೂತ. ಕೈ ಹಿಡಿದ. ವಲ್ಲಿ ತೆಗೆದು ಎರಡೂ ಕೈಯ ಮೇಲೆ ಮುಚ್ಚಿಬಿಟ್ಟ.

ಆಸಾಮಿ ವಲ್ಲಿ ನೋಡಿದ, ಶಟ್ಟೆಪ್ಪನನ್ನು ನೋಡಿದ. "ಇದೇನ್ರಿ ಇದು?"

"ಮಂದಿ ನೋಡ್ತಾರಲ್ರಿ. ಮಾಲ ಯಾವುದು? ಹಲ್ಲ ಎಷ್ಟ ಹಚ್ಚೈತಿ?"

"ಯಾರ ಹಲ್ಲ?"

"ಹೋರೀದ್ರಿ."

ಆಸಾಮಿಗೆ ಉತ್ತರ ಹೊಳೆಯುವುದರೊಳಗೆ ಶಟ್ಟೆಪ್ಪ ತನ್ನ ವೃತ್ತಿಯನ್ನು ಶುರು ಮಾಡಿದ. ಕಿರುಬೆರಳನ್ನು ಒತ್ತಿದ, ನಡುಬೆರಳನ್ನು ತಿರುವಿದ, ಅಂಗೈಯಲ್ಲಿ ಒಂದು ಗೀಟು ಎಳೆದ. ದೊಡ್ಡ ದೇಹದಲ್ಲಿ ಒಂದು ದೋಷವಿತ್ತು, ಕಚಗುಳಿ. ಆ ಮನುಷ್ಯ "ಅಯ್ಯಯ್ಯೋ ಬಿಡ್ರಿ, ಹಿಹಿಹಿ" ಎಂದು ನಗಲು ಹತ್ತಿ, ಕೈಯಲ್ಲಿನ ಕಸುವೆಲ್ಲ ಹೋಗಿ, ಕೈ ಧಪ್ ಎಂದು ಮೇಜಿನ ಮೇಲೆ ಬಿತ್ತು.

"ಗೆದ್ದಾ!" ಎಂದು ಸುತ್ತಲಿನವರು ಕೂಗಿದರು.

ಸೌದಾ ಕುದುರಿತು ಎಂದುಕೊಂಡ ಶಟ್ಟೆಪ್ಪ. ತಾನು ಏನನ್ನು ಕೊಂಡೆ ಎಂಬುದು ಮಾತ್ರ ತಿಳಿಯಲಿಲ್ಲ. ಆದರೆ ದಲ್ಲಾಳಿಯಾದವನು ಅದನ್ನು ಬಾಯಿಬಿಟ್ಟು ಕೇಳಿದರೆ ಮರ್ಯಾದೆ ಉಳಿಯುವುದಿಲ್ಲ. ಮೆಲ್ಲನೆ ಮಾಲಕನನ್ನು ಕೇಳಿದ: "ಎಲ್ಲಿ ಕಟ್ಟೀರಿ?"

"ಏನ್ ಕಟ್ಟೇವ್ರಿ?"

"ಹೋಗ್ಲಿ ಬಿಡ್ರಿ, ಹೋಗೂಮುಂದ ನೋಡತೇನಿ."

ಅಷ್ಟರಲ್ಲಿ ಸೋತವನು ಒಂದು ದೊಡ್ಡ ಗ್ಲಾಸು ತರಿಸಿ ಅವನ ಮುಂದಿಟ್ಟ. ಸೋತವರು ಗೆದ್ದವರಿಗೆ ಕೊಡುವುದು ಅಲ್ಲಿಯ ರಿವಾಜು. ಬೈಲಹೊಂಗಲದಲ್ಲಿಯೂ ಸೌದಾ ಆದ ಮೇಲೆ ಮಾರಿದವನು ಚಹಾ ಕುಡಿಸುತ್ತಾನೆ, ಬೇಡ ಎಂದರೆ ವ್ಯಾಪಾರಕ್ಕೆ ಅಪಶಕುನ. ಶಟ್ಟೆಪ್ಪ ನೋಡಿದ. ಬಣ್ಣ ಚಹಾದ್ದೇ. ಮೇಲೆ ಈಗ ತಾನೆ ಕರೆದ ಹಾಲಿನ ಹಾಗೆ ನೊರೆ. ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ಪಾಪ, ತರುವುದರೊಳಗೆ ಆರಿಹೋಗಿದೆ ಎಂದುಕೊಂಡು ಒಂದೇ ಉಸಿರಿಗೆ ಎತ್ತಿದ. ಮುಖ ಹಿಂಡಿಕೊಂಡಿತು. ಹುಬ್ಬಳ್ಳಿಯಂಥ ಊರಿನಲ್ಲಿ ಸಕ್ಕರೆಗೆ ಇಷ್ಟು ಬರವೇ!

ಎರಡನೆಯವನು ಬಂದು ಕೈ ಚಾಚಿದ. ಶಟ್ಟೆಪ್ಪನಿಗೆ ಆಶ್ಚರ್ಯ. ದನ ಒಂದೂ ಕಾಣುವುದಿಲ್ಲ, ಗಿರಾಕಿ ಮಾತ್ರ ಒಬ್ಬರ ಮೇಲೊಬ್ಬರು! ಈ ಸಲ ಬೆರಳು ಹಿಡಿದು ಮೂವತ್ತು ವರ್ಷದ ಅಭ್ಯಾಸವನ್ನೆಲ್ಲ ಹಾಕಿ ಒತ್ತಿದ. ಆ ಮನುಷ್ಯ "ಯಪ್ಪಾ ಸತ್ತೆ" ಎಂದು ತಾನಾಗಿಯೇ ಕೈ ಮಲಗಿಸಿದ. ಮತ್ತೊಂದು ಗ್ಲಾಸು ಬಂತು. ಅದನ್ನು ಶಟ್ಟೆಪ್ಪ ಅವಸರ ಮಾಡದೆ, ಗುಟುಕು ಗುಟುಕಾಗಿ, ನಾಲಿಗೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ಕುಡಿದ.

ಆಗ ಎಣ್ಣೆಯ ಕಲೆಯ ಅಂಗಿ ತೊಟ್ಟ ಒಬ್ಬ ತರುಣ ಬಂದು ಎದುರಿಗೆ ಕೂತ. "ಕಾಕಾ, ಖಾಲಿ ಹೊಟ್ಟಿ ಮ್ಯಾಲ ಬೀರ್ ಭಾಳ ಕುಡೀಬ್ಯಾಡ್ರಿ. ವಯಸ್ಸಾಗೇತಿ."

"ಏನ್ ಕುಡೀಬ್ಯಾಡ?"

"ಬೀರ್‌ರಿ. ಎರಡ ಗ್ಲಾಸ ಆತಲ್ಲ."

ಶಟ್ಟೆಪ್ಪ ಗ್ಲಾಸನ್ನು ದೂರ ಸರಿಸಿದ. ಮನೆಯಲ್ಲಿ ಬೀಳದ ಹನಿ ಹುಬ್ಬಳ್ಳಿಯಲ್ಲಿ ಎರಡು ಗ್ಲಾಸಾಗಿ ಹೊಟ್ಟೆಯೊಳಗೆ ಕೂತಿತ್ತು. ಅಷ್ಟರಲ್ಲಿ ಮಾಲಕ ಕೂಗಿದ: "ಬಂದ ನೋಡ್ರಿ ನಿಮ್ಮ ಗಂಗಪ್ಪ! ನಮ್ಮಲ್ಲಿ ಪಂಜಾದಾಗ ಇವನ ಸೋಲಿಸಿದಾಂವ ಇನ್ನೂ ಹುಟ್ಟಿಲ್ಲ."

"ನನ್ನ ಹುಡಕಾಕ ಹತ್ತಿದ್ರೇನ್ರಿ? ಯಾರ್ರಿ ತಾವು?" ಎಂದ ಗಂಗಪ್ಪ.

ತಾನು ನಿನ್ನ ಮಾವನಾಗುವವನು, ನೀನು ಕುಡಿಯುತ್ತೀಯೋ ಹೇಗೆಂದು ನೋಡಲು ಬಂದಿದ್ದೇನೆ ಎಂದು ಮೀಸೆಗೆ ನೊರೆ ಹತ್ತಿಸಿಕೊಂಡು ಯಾರು ಹೇಳಿಯಾರು? "ಧಾರವಾಡ. ಲಗಮಪ್ಪ" ಎಂದು ಬಾಯಿಗೆ ಬಂದದ್ದನ್ನು ಹೇಳಿದ ಶಟ್ಟೆಪ್ಪ. "ಮೊದಲ ಕೈ ಕೊಡು."

ವಲ್ಲಿ ಬಿತ್ತು. ಗಂಗಪ್ಪ ನಗಲಿಲ್ಲ, ಕೇಳಲಿಲ್ಲ. ವಲ್ಲಿಯ ಕೆಳಗೆ ಬೆರಳುಗಳನ್ನು ಪದ್ಧತಿಯಂತೆ ಜೋಡಿಸಿ ಕೊಟ್ಟ. ಶಟ್ಟೆಪ್ಪನ ಎದೆ ಹಿಗ್ಗಿತು. ದನದ ಪೇಟೆ ಕಂಡ ಕೈ ಇದು!

"ಎಲ್ಲಿ ಕಲ್ತಿ?"

"ನಮ್ಮಜ್ಜ ರಾಮದುರ್ಗದ ಪ್ಯಾಟ್ಯಾಗ ದಲ್ಲಾಳಿ ಇದ್ದ."

"ಹಂಗಾರ ಕೈಲೇ ಹೇಳು. ವಾರಕ್ಕ ಎಷ್ಟ ಗ್ಲಾಸ ಕುಡೀತಿ?"

ಸುತ್ತಲಿನವರು ಪಂಜಾ ನಡೆದಿದೆ ಎಂದು ಉಸಿರು ಹಿಡಿದು ನಿಂತಿದ್ದರು. ಒಳಗೆ ಗಂಗಪ್ಪ ಮೆಲ್ಲಗೆ ಮುಷ್ಟಿ ಕಟ್ಟಿದ. ಸೊನ್ನೆ. ಕೈ ನಡುಗಲಿಲ್ಲ, ಬೆವರಲಿಲ್ಲ. ಶಟ್ಟೆಪ್ಪನಿಗೆ ಆದ ಸಂತೋಷಕ್ಕೆ ತನ್ನ ಕೈ ತಾನೇ ಸಡಿಲವಾಗಿ ಮೇಜಿಗೆ ಬಿತ್ತು. "ಗಂಗಪ್ಪ ಗೆದ್ದಾ!" ಎಂದು ಬಾರು ಅದುರಿತು. ಸೋತವನು ಕುಡಿಸಬೇಕಲ್ಲ, ಏನು ಬೇಕೆಂದು ಕೇಳಿದರೆ ಹುಡುಗ ಹೇಳಿದ: "ಯಾವಾಗ್ಲೂ ತಗೊಳ್ಳೂದರಿ. ನಿಂಬು ಸೋಡಾ."

ಶಟ್ಟೆಪ್ಪ ಉಳವಪ್ಪನನ್ನು ಬಾಣದ ಹಲಗೆಯಿಂದ ಕಿತ್ತುಕೊಂಡು ರಾತ್ರಿಯ ಕೊನೆಯ ವಸ್ತಿ ಬಸ್ಸು ಹಿಡಿದ. ಮನೆಯಲ್ಲಿ ಹೇಳಿದ್ದು ಇಷ್ಟು: "ಬಂಗಾರದಂಥ ಹುಡುಗ. ಸೋಡಾ ಕುಡೀತಾನ." ರಾಮವ್ವ ಒಳಗೆ ಓಡಿದಳು. ತಾಯವ್ವ ಗಂಡನ ಹತ್ತಿರ ಬಂದು ಮೂಗು ಮೇಲೆತ್ತಿದಳು.

"ನಿಮ್ಮ ಮೀಸಿಗೆ ಏನೋ ವಾಸನಿ."

"ಬಸ್ಸಿನ ಡೀಜಲ್. ಮುಂದಿನ ಶೀಟ ಸಿಕ್ಕಿತ್ತು."

ಸಂಗತಿ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಬಸ್ಸಿನಲ್ಲಿ ಉಳವಪ್ಪ ಕಂಡಕ್ಟರನ ಪಕ್ಕ ಕೂತಿದ್ದ. ಭಾವನ ಪರಾಕ್ರಮವನ್ನು ತಾನು ಕಣ್ಣಾರೆ ನೋಡದಿದ್ದರೂ ಕಿವಿಯಾರೆ ಕೇಳಿದ್ದ, ಅದನ್ನು ಹೇಳಿದ್ದ. ಕಂಡಕ್ಟರನಿಗೆ ಮರುದಿನ ರಾಮದುರ್ಗದ ಪಾಳಿ. ಯರಗಟ್ಟಿಯಲ್ಲಿ ಸುದ್ದಿ ಇಳಿದಾಗ ಶಟ್ಟೆಪ್ಪ ಹುಬ್ಬಳ್ಳಿಯ ಬಾರಿನಲ್ಲಿ ಒಬ್ಬ ಪೈಲವಾನನ ಕೈ ಮುರಿದಿದ್ದ. ರಾಮದುರ್ಗದಲ್ಲಿ ಮುರಿದ ಕೈ ಮೂರಾಗಿದ್ದವು. ಸುರೇಬಾನ ಮುಟ್ಟುವ ಹೊತ್ತಿಗೆ ಅವನು ಆ ಬಾರನ್ನೇ ಖರೀದಿ ಮಾಡಿ, ಮಂಗಳವಾರದಿಂದ ತಾನೇ ಗಲ್ಲೆಯ ಮೇಲೆ ಕೂರುವವನಿದ್ದ.

ರವಿವಾರ ದನದ ಪೇಟೆಯ ಸೆಕ್ರೆಟರಿ ಸಾಹೇಬರು ರಿಜಿಸ್ಟರು ಹಿಡಿದುಕೊಂಡು ಬಂದರು. "ಶಟ್ಟೆಪ್ಪಾ, ಹುಬ್ಬಳ್ಳ್ಯಾಗ ನಮ್ಮ ಪ್ಯಾಟಿ ಹೆಸರ ಎತ್ತಿ ಹಿಡದಿ! ನಿನಗ ಸತ್ಕಾರ ಮಾಡಬೇಕಂತ ಠರಾವ ಬರಿಯಾಕ ಹತ್ತೇನಿ. ಸ್ಥಳ ಏನಂತ ಹಾಕಲಿ?"

"ಸ್ಥಳ ಹಾಕಬ್ಯಾಡ್ರಿ ಸಾಹೇಬ್ರ."

"ಸ್ಥಳ ಇಲ್ಲದ ಠರಾವ ಪಾಸ್ ಆಗಂಗಿಲ್ಲಪ. 'ಬಾರು' ಅಂತ ಬರೀತೇನಿ. ಬಹುಮಾನ ಏನ್ ಕೊಟ್ರು?"

ಬಾಗಿಲ ಸಂದಿಯಲ್ಲಿ ತಾಯವ್ವನ ಬಳೆ ಸಪ್ಪಳವಾಯಿತು. ಗೋಡೆಯ ಆಚೆ ದೇವಕ್ಕನ ಕೆಮ್ಮು ಕೇಳಿಸಿತು.

"ಏನೂ ಕೊಡ್ಲಿಲ್ರಿ" ಎಂದ ಶಟ್ಟೆಪ್ಪ. ಸೆಕ್ರೆಟರಿ ಸಾಹೇಬರು, ಹುಬ್ಬಳ್ಳಿಯವರದು ಹಲ್ಕಟ್ ಬುದ್ಧಿ ಎಂದು ಬೈದು, ಆ ಸಾಲನ್ನು ಖಾಲಿ ಬಿಟ್ಟು ಹೋದರು.

ಸೋಮವಾರ ಹೊತ್ತೇರುವ ಮುಂಚೆ ಕರೆವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ, ಹಣೆ ತುಂಬ ಹಚ್ಚೆ, ನಡು ಇನ್ನೂ ಬಾಗಿಲ್ಲ. ಹಿಂದೆ ಮೊಮ್ಮಗ ಗಂಗಪ್ಪ. ಸಕ್ಕರೆಯ ತಾಟು ನಡುಮನೆಯಲ್ಲಿ ಸಿದ್ಧವಿತ್ತು, ಓಣಿಯ ಜನ ಪಡಸಾಲೆಯಲ್ಲಿ ಸಿದ್ಧವಿತ್ತು. ಶಟ್ಟೆಪ್ಪ ಹಲ್ಲುನೋವೆಂದು ರುಮಾಲನ್ನು ಗಲ್ಲದ ಸುತ್ತ ಕಟ್ಟಿಕೊಂಡು ಮುಖದ ಅರ್ಧ ಮುಚ್ಚಿದ್ದ. ಉಳಿದರ್ಧ ಸಾಕಾಯಿತು.

ಗಂಗಪ್ಪ ನೋಡಿದ. ಕಣ್ಣು ಅಗಲವಾದವು. "ಧಾರ..." ಎಂದು ಬಾಯಿ ತೆರೆದವನು ಮಾತು ನುಂಗಿ ಕಾಲಿಗೆರಗಿದ. "ಶರಣ್ರಿ ಮಾವಾರ."

ಕರೆವ್ವ ಕೂರಲಿಲ್ಲ. "ಸಕ್ಕರಿ ಆಮ್ಯಾಲ. ಬಸ್ಸಿನಾಗ ಬರೂಮುಂದ ನಿಮ್ಮ ಯಜಮಾನನ ಸುದ್ದಿ ಕೇಳಿ ಕಿವಿ ತುಂಬ್ಯಾವು. ಬಾರಿಗೆ ಹೋಗಿದ್ದಿ?"

"ಹೋಗಿದ್ನಿ."

"ಕುಡದೀ?"

ತಾಯವ್ವ ಗಂಡನ ಮುಖ ನೋಡಿದಳು. ರಾಮವ್ವ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಶಟ್ಟೆಪ್ಪ ರುಮಾಲಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ಉಳವಪ್ಪ ಮಾತ್ರ ಮುಂದೆ ಬಂದು, "ನಾ ಜೋಡಿ ಇದ್ನೆಲ್ರಿ, ನಾ ಏನೂ ನೋಡಿಲ್ಲ" ಎಂದ. ಅದಕ್ಕಿಂತ ಸತ್ಯವಾದ ಸಾಕ್ಷಿ ಜಗತ್ತಿನಲ್ಲಿ ಇರಲಾರದು.

ಕರೆವ್ವ ಮೊಮ್ಮಗನತ್ತ ತಿರುಗಿದಳು. "ಪ್ರತಿ ಶನಿವಾರ ಪಂಜಾ ಆಡಾಕ ಹೋಗ್ತಿ, ಮೊನ್ನೆ ನೀನೂ ಅಲ್ಲೆ ಇದ್ದಿ. ನೀ ಹೇಳು."

"ನಾ ಕೈ ನೋಡ್ದೆ ಯಜ್ಜಿ" ಎಂದ ಗಂಗಪ್ಪ. "ಛಲೋ ಕೈ."

"ಹಂಗಾರ ನಾನೂ ನೋಡತೇನಿ" ಎಂದವಳೇ ಮುದುಕಿ ಶಟ್ಟೆಪ್ಪನ ಹೆಗಲಿನ ವಲ್ಲಿ ಎಳೆದುಕೊಂಡಳು. ಅವನ ಬಲಗೈ ಹಿಡಿದು ಮೇಲೆ ಮುಚ್ಚಿದಳು. "ಬಾಯಿ ಮಾತ ಬ್ಯಾಡ. ದಲ್ಲಾಳಿ ಹೆಂಡ್ತಿ ನಾನು. ಎಷ್ಟ ಗ್ಲಾಸು? ಹೇಳು."

ಪಡಸಾಲೆಯ ಜನ ಮುಂದೆ ಸರಿಯಿತು. ದೇವಕ್ಕ ತುದಿಗಾಲಿನ ಮೇಲೆ ನಿಂತಳು. ಶಟ್ಟೆಪ್ಪನ ಅಂಗೈ ಬೆವರಿತು. ಮುಷ್ಟಿ ಕಟ್ಟಿದರೆ ಮುಗಿಯಿತು: ಸಕ್ಕರೆ ಹಂಚುತ್ತಾರೆ, ಮಗಳು ನಗುತ್ತಾಳೆ. ಕಟ್ಟಲು ಹೋದ. ಮೂವತ್ತು ವರ್ಷದಲ್ಲಿ ಎಂದೂ ಸುಳ್ಳು ಒತ್ತದ ಬೆರಳುಗಳು ಮಡಚಿಕೊಳ್ಳಲಿಲ್ಲ. ಕೆಟ್ಟೆನಲ್ಲಪ್ಪ, ಮಗಳ ಬಾಳು ನನ್ನ ಕೈಯಾರೆ ಕೆಡಿಸಿದೆ ಎಂದು ಕಣ್ಣು ಮುಚ್ಚಿ, ಮುದುಕಿಯ ಅಂಗೈಯಲ್ಲಿ ಒಂದು ಬೆರಳು ಒತ್ತಿದ. ತಡೆದು, ಇನ್ನೊಂದನ್ನೂ ಒತ್ತಿದ.

ಕರೆವ್ವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ವಲ್ಲಿ ಕಿತ್ತು ಝಾಡಿಸಿ ಅವನ ಹೆಗಲಿಗೆ ಹಾಕಿದಳು. ಮಂದಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಸೊನ್ನಿ! ಏನ್ ನೋಡ್ಕೋಂತ ನಿಂತೀರಿ? ಹಂಚ್ರಿ ಸಕ್ಕರಿ!"

ರಾಮವ್ವ ಬಾಗಿಲಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟಳು. ತಾಯವ್ವ ದೇವರಿಗೆ ಕೈ ಮುಗಿದಳು. ದೇವಕ್ಕ ಸಪ್ಪಗಾದರೂ ಎರಡು ಸಲ ಸಕ್ಕರೆ ಇಸಿದುಕೊಂಡಳು. ಆ ಗದ್ದಲದಲ್ಲಿ ಶಟ್ಟೆಪ್ಪ ಮಾತ್ರ ಕಂಬದ ಹಾಗೆ ನಿಂತಿದ್ದ. ಕರೆವ್ವ ಅವನ ಪಕ್ಕಕ್ಕೆ ಸರಿದು ದನಿ ಇಳಿಸಿದಳು.

"ನನ್ನ ಗಂಡ ದಿನಾ ಕುಡೀತಿದ್ದ. ನಲವತ್ತ ವರ್ಷ ಇದ ರೀತಿ ವಲ್ಲಿ ಮುಚ್ಚಿ ಕೇಳ್ದೆ, ನಲವತ್ತ ವರ್ಷ ಸೊನ್ನಿ ಕೊಟ್ಟ ಹೋದ. ನೀ ಖರೇ ಕೊಟ್ಟಿ. ಅದಕ್ಕ ನಂಟ ಕೂಡಸೇನಿ."

ಶಟ್ಟೆಪ್ಪನ ಕಣ್ಣಲ್ಲಿ ನೀರು ಬಂತು. "ಯವ್ವಾ, ನಿನ್ನ ಪಾದಾ..."

"ಪಾದಾ ಇರ್ಲಿ. ನನಗ ಒಂದ ತಿಳೀವಲ್ದು, ಅದನ್ನ ಹೇಳು. ಒಂದ ಗ್ಲಾಸಾದ್ರ ಗೊತ್ತಿಲ್ದ ಕುಡದಿ ಅನ್ನಬಹುದು. ಎರಡನೇದು ಯಾಕ ಕುಡದಿ?"

ಶಟ್ಟೆಪ್ಪ ವಲ್ಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಕೇಳುವವಳು ಖರೇ ಬೇಕೆಂದು ಕೇಳುತ್ತಿದ್ದಳು.

"ಮೊದಲನೇದು ಏನಂತ ತಿಳೀ‌ಲಿಲ್ಲ ಯವ್ವಾ, ಅದಕ್ಕ" ಎಂದ.